ಕೊನೆಯ ಐದು ಮಿಲಿಗ್ರಾಂ: ದೀರ್ಘಕಾಲದ ಸ್ಟೀರಾಯ್ಡ್ ಇಳಿಸಿದ ಒಂದು ಪ್ರಕರಣ

ಮಲೆನಾಡಿನ ತಾಲ್ಲೂಕು ಕೇಂದ್ರವೊಂದರ ಆಸ್ಪತ್ರೆಗೆ 54 ವರ್ಷದ ಮಹಿಳೆಯೊಬ್ಬರನ್ನು ಮನೆಯವರು ಕರೆತಂದಾಗ ಆಕೆಗೆ ಎರಡು ದಿನಗಳಿಂದ ವಾಂತಿ, ನಿಂತರೆ ತಲೆಸುತ್ತು, ಕೂಗಿ ಕರೆದರೆ ಮಾತ್ರ ಕಣ್ಣು ಬಿಡುವಷ್ಟು ಮಂಪರು ಇತ್ತು. ರಕ್ತದೊತ್ತಡ 84/50, ರಕ್ತದಲ್ಲಿ ಸೋಡಿಯಂ 127, ಸಕ್ಕರೆ 58, ಮೂರೂ ಸಹಜಕ್ಕಿಂತ ಕಡಿಮೆ. ಊಟದಲ್ಲಿ ಏನೋ ವ್ಯತ್ಯಾಸವಾಗಿರಬೇಕು ಎಂದು ಮನೆಯವರು ಹೇಳಿದರು; ಆದರೆ ಭೇದಿ ಇರಲಿಲ್ಲ, ಜ್ವರವೂ ಇರಲಿಲ್ಲ, ಅದೇ ಊಟ ಮಾಡಿದ ಮನೆಯ ಉಳಿದವರಿಗೆ ಏನೂ ಆಗಿರಲಿಲ್ಲ. ಕರ್ತವ್ಯದಲ್ಲಿದ್ದ ಯುವ ವೈದ್ಯರ ಗಮನ ಸೆಳೆದದ್ದು ಬೇರೆಯೇ: ಬಡಕಲು ಕೈಕಾಲಿನ ಆ ಹೆಂಗಸಿನ ಮುಖ ಮಾತ್ರ ದುಂಡಗೆ ತುಂಬಿಕೊಂಡಿತ್ತು, ಮುಂಗೈಯ ಚರ್ಮ ತೆಳುವಾಗಿ ಅಲ್ಲಲ್ಲಿ ನೇರಳೆ ಕಲೆಗಳಿದ್ದವು, ಬೆರಳಿನ ಬುಡದ ಗೆಣ್ಣುಗಳು ಊದಿ ಬೆರಳುಗಳು ಹೊರಕ್ಕೆ ವಾಲಿದ್ದವು. ಅವರು ಮಗನನ್ನು ಕೇಳಿದ ಮೊದಲ ಪ್ರಶ್ನೆ, ಅಮ್ಮ ಯಾವ ಮಾತ್ರೆ ನಿಲ್ಲಿಸಿದರು ಎಂಬುದು. ಆಕೆ ಏಳು ವರ್ಷಗಳಿಂದ ನಿತ್ಯ ನುಂಗುತ್ತಿದ್ದ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು, ಅದು ಕಿಡ್ನಿಗೆ ಕೆಟ್ಟದ್ದೆಂದು ಯಾರೋ ಹೇಳಿದ ಮಾತು ನಂಬಿ, ಮಗನೇ ಆರು ದಿನಗಳ ಹಿಂದೆ ನಿಲ್ಲಿಸಿದ್ದ. ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ ಮಾತ್ರೆಯನ್ನು ಮಾತ್ರ ಮುಂದುವರಿಸಿದ್ದ.

ಸಕ್ಕರೆ 58ಕ್ಕೆ ಇಳಿದದ್ದಕ್ಕೆ ಇದರಲ್ಲೇ ವಿವರಣೆಯಿದೆ. ಸಕ್ಕರೆಯನ್ನು ಏರಿಸುತ್ತಿದ್ದ ಸ್ಟೀರಾಯ್ಡ್ ಹೋಯಿತು, ಇಳಿಸುವ ಮಾತ್ರೆ ಉಳಿಯಿತು, ವಾಂತಿಯಿಂದ ಊಟವೂ ನಿಂತಿತು. ಪೊಟ್ಯಾಸಿಯಂ 4.1 ಇದ್ದು ಸಹಜವಾಗಿತ್ತು, ಒಸಡು ಮತ್ತು ಅಂಗೈಗೆರೆಗಳಲ್ಲಿ ಕಪ್ಪು ಬಣ್ಣ ಕಾಣಲಿಲ್ಲ. ಹಾಗಾಗಿ ದೇಹದ ಸಹಜ ಸ್ಟೀರಾಯ್ಡನ್ನು ತಯಾರಿಸುವ ಅಡ್ರಿನಲ್ ಗ್ರಂಥಿಯೇ ಹಾಳಾಗಿ ಬರುವ ಕಾಯಿಲೆ ಇದಲ್ಲ, ಹೊರಗಿನ ಸ್ಟೀರಾಯ್ಡಿನಿಂದಾಗಿ ಆ ಗ್ರಂಥಿ ಕೆಲಸ ಮರೆತಿರುವ ಸ್ಥಿತಿ ಎಂಬ ಊಹೆ ಬಲವಾಯಿತು. ಗ್ಲೂಕೋಸ್, ಸಲೈನ್ ಹಾಗೂ ರಕ್ತನಾಳಕ್ಕೆ 100 ಮಿ.ಗ್ರಾಂ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್, ಬಳಿಕ ಆರು ಗಂಟೆಗೊಮ್ಮೆ 50 ಮಿ.ಗ್ರಾಂ ಕೊಟ್ಟರು. ಪರೀಕ್ಷೆಯ ವರದಿಗಾಗಿ ಕಾಯಲಿಲ್ಲ. ಇಂಥ ಹೊತ್ತಿನಲ್ಲಿ ಕಾಯಲೂಬಾರದು. ಸಂಜೆಗೆ ಆಕೆ ಎದ್ದು ಕೂತು ಗಂಜಿ ಕೇಳಿದರು. ಆ ತಿಂಗಳ ಕೊನೆಗೆ, ಮುಂದೇನು ಎಂಬ ಪ್ರಶ್ನೆಯೊಂದಿಗೆ ಅವರನ್ನು ನನ್ನ ಬಳಿ ಕಳುಹಿಸಲಾಯಿತು. (ಗುರುತು ಸಿಗುವ ವಿವರಗಳನ್ನು ಇಲ್ಲಿ ಬಿಟ್ಟಿದ್ದೇನೆ.)

ಆಕೆಗೆ ರುಮಟಾಯ್ಡ್ ಸಂಧಿವಾತ ಶುರುವಾಗಿ ಹನ್ನೊಂದು ವರ್ಷವಾಗಿತ್ತು. ಮೊದಲ ನಾಲ್ಕು ವರ್ಷ ನೋವಿನ ಮಾತ್ರೆಗಳಲ್ಲೇ ಕಳೆದವು. ಒಮ್ಮೆ ಕೀಲುಗಳು ವಿಪರೀತ ಊದಿಕೊಂಡಾಗ ವೈದ್ಯರೊಬ್ಬರು ಪ್ರೆಡ್ನಿಸೊಲೋನ್ 20 ಮಿ.ಗ್ರಾಂ ಅನ್ನು ಹತ್ತು ದಿನಕ್ಕೆಂದು ಬರೆದುಕೊಟ್ಟರು. ಮೂರನೇ ದಿನಕ್ಕೆ ಬೆರಳು ಮಡಚಲು ಬಂತು. ಆ ಚೀಟಿಯೇ ಮುಂದಿನ ಏಳು ವರ್ಷ ನಡೆಯಿತು: ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಟ್ಟ ಅದೇ ಹಳೆಯ ಚೀಟಿ ತೋರಿಸಿದರೆ, ಕೆಲವೊಮ್ಮೆ ತೋರಿಸದಿದ್ದರೂ, ಮೆಡಿಕಲ್ ಶಾಪಿನಲ್ಲಿ ಮಾತ್ರೆ ಸಿಗುತ್ತಿತ್ತು. ಇದು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಯ ಔಷಧ ಎಂಬುದು ಕಾಗದದ ಮೇಲಿನ ಮಾತಾಗಿಯೇ ಉಳಿಯಿತು. ವರ್ಷದ ಬಹುಪಾಲು ದಿನಕ್ಕೆ 10 ಮಿ.ಗ್ರಾಂ, ಅಡಿಕೆ ಸುಲಿಯುವ ಹಂಗಾಮಿನಲ್ಲಿ 20. ಮೆಟ್ಟುಗತ್ತಿಯ ಮುಂದೆ ಕೂತು ದಿನವಿಡೀ ಹಸಿ ಅಡಿಕೆ ಸುಲಿಯಲು ಆ ಕೈಗಳಿಂದ ಆಗುತ್ತಿತ್ತೆಂದರೆ ಅದು ಮಾತ್ರೆಯ ಬಲದಿಂದಲೇ ಎಂಬುದರಲ್ಲಿ ಆಕೆಗೆ ಸಂಶಯವಿರಲಿಲ್ಲ, ನನಗೂ ಇಲ್ಲ. ಸ್ಟೀರಾಯ್ಡನ್ನು ವಿಷವೆಂಬಂತೆ ಮಾತನಾಡುವವರು ಈ ಭಾಗವನ್ನು ಮರೆಯುತ್ತಾರೆ. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಮೊದಲ ಬಾರಿಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಚುಚ್ಚಿದ್ದು ಇದೇ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ತರುಣಿಯೊಬ್ಬಳಿಗೆ. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು, ಎರಡು ವರ್ಷಗಳಲ್ಲಿ ಹೆಂಚ್‌ಗೆ ನೊಬೆಲ್ ಪ್ರಶಸ್ತಿ ಬಂತು. ಇನ್ನೆರಡು ವರ್ಷಗಳಲ್ಲಿ, ಅಂದರೆ 1952ರಲ್ಲಿ, ಕಾರ್ಟಿಸೋನ್ ತೆಗೆದುಕೊಳ್ಳುತ್ತಿದ್ದ ರೋಗಿಯೊಬ್ಬರು ಶಸ್ತ್ರಚಿಕಿತ್ಸೆಯ ಬಳಿಕ ಅಡ್ರಿನಲ್ ಕೈಕೊಟ್ಟು ತೀರಿಕೊಂಡ ವರದಿಯೂ ಪ್ರಕಟವಾಯಿತು. ಔಷಧದ ಎರಡೂ ಮುಖಗಳು ಇಷ್ಟು ಹತ್ತಿರದಲ್ಲೇ ಜಗತ್ತಿಗೆ ಗೊತ್ತಾದವು.

ನಾನು ನೋಡುವ ಹೊತ್ತಿಗೆ ಏಳು ವರ್ಷಗಳ ಲೆಕ್ಕ ದೇಹದ ಮೇಲೆ ಬರೆದಿತ್ತು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 7.4, ಚೇತರಿಸಿಕೊಂಡ ಮೇಲಿನ ರಕ್ತದೊತ್ತಡ 150/90, ಬೆನ್ನುಮೂಳೆಯ ಸಾಂದ್ರತೆಯ ಟಿ ಸ್ಕೋರ್ ಮೈನಸ್ 2.9 (ಎಂದರೆ ಮೂಳೆ ಟೊಳ್ಳಾಗಿತ್ತು), ಎರಡೂ ಕಣ್ಣುಗಳಲ್ಲಿ ಮಸೂರದ ಹಿಂಬದಿಗೆ ಪೊರೆ. ಅದೇ ವೇಳೆ ಕಾಯಿಲೆಯೂ ಅಡಗಿರಲಿಲ್ಲ: ಆರು ಕೀಲುಗಳಲ್ಲಿ ಊತ, ಬೆಳಿಗ್ಗೆ ಒಂದೂವರೆ ಗಂಟೆಯ ಬಿಗಿತ, ರಕ್ತದಲ್ಲಿ ಉರಿಯೂತ ಸೂಚಿಸುವ ಸಿಆರ್‌ಪಿ 31. ಎಂದರೆ ಆ 10 ಮಿ.ಗ್ರಾಂ ನೋವನ್ನು ಮರೆಸಿತ್ತೇ ಹೊರತು ಕೀಲುಗಳು ಸವೆಯುವುದನ್ನು ತಡೆದಿರಲಿಲ್ಲ.

ಮಗನ ನಿರೀಕ್ಷೆ ಅಂದೇ ಇಳಿಸಲು ಆರಂಭಿಸಬೇಕೆಂದು. ನಾನು ಇಳಿಸಲಿಲ್ಲ. ಮೂಲ ಕಾಯಿಲೆಯನ್ನು ಹಿಡಿದಿಡುವ ಇನ್ನೊಂದು ಔಷಧ ಕೆಲಸ ಆರಂಭಿಸುವ ಮುನ್ನ ಸ್ಟೀರಾಯ್ಡ್ ಇಳಿಸಹೊರಟರೆ ಕಾಯಿಲೆ ಕೆರಳುತ್ತದೆ, ರೋಗಿಗೆ ನಂಬಿಕೆ ಹೋಗುತ್ತದೆ, ಹಳೆಯ ಚೀಟಿ ಮತ್ತೆ ಹೊರಬರುತ್ತದೆ. ಎದೆಯ ಎಕ್ಸ್‌ರೇ ತೆಗೆಸಿ ಕ್ಷಯವಿಲ್ಲವೆಂದು, ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಮತ್ತು ಸಿ ಇಲ್ಲವೆಂದು, ಲಿವರ್ ಹಾಗೂ ಮೂತ್ರಪಿಂಡ ಸರಿಯಿವೆಯೆಂದು ನೋಡಿಕೊಂಡು ಮೆಥೊಟ್ರೆಕ್ಸೇಟ್ ಅನ್ನು ವಾರಕ್ಕೊಮ್ಮೆ 10 ಮಿ.ಗ್ರಾಮಿನಂತೆ ಆರಂಭಿಸಿ 15ಕ್ಕೆ ಏರಿಸಿದೆವು, ಜೊತೆಗೆ ನಿತ್ಯ ಹೈಡ್ರಾಕ್ಸಿಕ್ಲೋರೋಕ್ವಿನ್ 200 ಮಿ.ಗ್ರಾಂ. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ ನುಂಗುವ ಔಷಧ. ತಪ್ಪಿ ದಿನವೂ ನುಂಗಿದರೆ ಮೂಳೆಮಜ್ಜೆ ಕುಸಿದು ಜೀವಕ್ಕೇ ಅಪಾಯ. ಆದ್ದರಿಂದ ಅದನ್ನು ಊರಿನ ಸಂತೆಯ ದಿನಕ್ಕೆ ಕಟ್ಟಿದೆವು, ಫೋಲಿಕ್ ಆಸಿಡ್ ಅನ್ನು ಅದರ ಎರಡನೇ ದಿನಕ್ಕೆ, ಮೂಳೆಗಾಗಿ ಕೊಟ್ಟ ಅಲೆಂಡ್ರೊನೇಟ್ 70 ಮಿ.ಗ್ರಾಂ ಅನ್ನು ಭಾನುವಾರ ಬೆಳಿಗ್ಗೆ ಖಾಲಿ ಹೊಟ್ಟೆಗೆ. ಆ ಮಾತ್ರೆ ನುಂಗಿ ಅರ್ಧ ಗಂಟೆ ಮಲಗಬಾರದು ಎಂಬುದಕ್ಕೆ ಆಕೆ ನಕ್ಕರು: ‘ಬೆಳಿಗ್ಗೆ ಎದ್ದ ಮೇಲೆ ಮಲಗೋ ಪುಣ್ಯ ನಮಗೆಲ್ಲಿ ಡಾಕ್ಟ್ರೇ.’ ಮೆಥೊಟ್ರೆಕ್ಸೇಟ್‌ನ ಪರಿಣಾಮ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಅಲ್ಲಿಯವರೆಗೂ ಪ್ರೆಡ್ನಿಸೊಲೋನ್ ಬೆಳಿಗ್ಗೆ ತಿಂಡಿಯ ನಂತರ 10 ಮಿ.ಗ್ರಾಂ ಹಾಗೆಯೇ ಇತ್ತು.

ಮೂರನೇ ತಿಂಗಳ ಕೊನೆಗೆ ಊತ ಎರಡು ಕೀಲುಗಳಿಗೆ ಇಳಿದಾಗ 10ರಿಂದ 7.5ಕ್ಕೆ, ನಾಲ್ಕು ವಾರ ಬಿಟ್ಟು 5ಕ್ಕೆ ಬಂದೆವು. ಈ ಭಾಗದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ, ಸಲೀಸಾಗಿ ಆಯಿತು. ಗ್ಲಿಮೆಪಿರೈಡನ್ನು ಅದಕ್ಕೆ ತಕ್ಕಂತೆ ಅರ್ಧಕ್ಕಿಳಿಸಿ, ಬಳಿಕ ನಿಲ್ಲಿಸಿ, ಸಕ್ಕರೆಗೆ ಮೆಟ್‌ಫಾರ್ಮಿನ್ ಎಂಬ ಮಾತ್ರೆ ಒಂದನ್ನೇ ಉಳಿಸಿದೆವು.

ತೊಡಕೆಲ್ಲ 5ರ ಕೆಳಗೆ. ಇದಕ್ಕೆ ಕಾರಣ ಲೆಕ್ಕದಲ್ಲೇ ಇದೆ. ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳು ದಿನವೂ ಸುರಿಸುವ ಕಾರ್ಟಿಸಾಲ್ ಎಂಬ ಸಹಜ ಸ್ಟೀರಾಯ್ಡಿಗೆ ಸುಮಾರು 4ರಿಂದ 6 ಮಿ.ಗ್ರಾಂ ಪ್ರೆಡ್ನಿಸೊಲೋನ್ ಸಮ. ಅದಕ್ಕಿಂತ ಹೆಚ್ಚು ಸ್ಟೀರಾಯ್ಡ್ ಹೊರಗಿನಿಂದ ಮೂರು ನಾಲ್ಕು ವಾರ ಮೀರಿ ಬಂದರೆ, ಮಿದುಳಿನ ಹೈಪೋಥಲಾಮಸ್ ಮತ್ತು ಪಿಟ್ಯುಟರಿ ಗ್ರಂಥಿಗಳು ಅಡ್ರಿನಲ್‌ಗೆ ಕಳಿಸುವ ಆದೇಶವನ್ನು ನಿಲ್ಲಿಸುತ್ತವೆ. ಆದೇಶವಿಲ್ಲದೆ ವರ್ಷಗಟ್ಟಲೆ ಸುಮ್ಮನಿದ್ದ ಗ್ರಂಥಿ ಕುಗ್ಗುತ್ತದೆ. ಹತ್ತರಿಂದ ಐದಕ್ಕೆ ಇಳಿಯುವಾಗ ದೇಹದ ಸಹಜ ಅಗತ್ಯ ಹೊರಗಿನ ಮಾತ್ರೆಯಿಂದಲೇ ಪೂರೈಕೆಯಾಗುತ್ತಿರುತ್ತದೆ. ಐದರಿಂದ ಕೆಳಗೆ ಪ್ರತಿ ಮಿಲಿಗ್ರಾಮಿನ ಕೊರತೆಯನ್ನೂ ಗ್ರಂಥಿ ತಾನೇ ತುಂಬಬೇಕು. ವರ್ಷಗಟ್ಟಲೆ ಹೂಡದೆ ಕೊಟ್ಟಿಗೆಯಲ್ಲಿ ಕಟ್ಟಿದ ಎತ್ತಿಗೆ ನೊಗ ಹೊರಿಸಿದಂತೆ ಅದು. ಎತ್ತು ಸತ್ತಿಲ್ಲ, ಆದರೆ ಮೊದಲ ದಿನವೇ ಗದ್ದೆ ಉತ್ತು ಮುಗಿಸಲಾರದು.

ಮಾತ್ರೆಯ ಅಳತೆಯ ತೊಂದರೆಯೂ ಇಲ್ಲೇ ಎದುರಾಗುತ್ತದೆ. ತಿಂಗಳಿಗೊಂದು ಮಿಲಿಗ್ರಾಂ ಇಳಿಸಬೇಕೆಂದು ಬರೆಯುವುದು ಸುಲಭ. ಆಕೆಯ ಊರಿನ ಅಂಗಡಿಗಳಲ್ಲಿ ಸಿಗುತ್ತಿದ್ದದ್ದು 5 ಮತ್ತು 10ರ ಮಾತ್ರೆ. ಮೊದಮೊದಲು 5ರ ಮಾತ್ರೆಯನ್ನು ಅಡಕತ್ತರಿಯಲ್ಲಿ ಕತ್ತರಿಸಿ ಬೆಳಿಗ್ಗೆಗೊಂದು ಚೂರಿನಂತೆ ಕಾಗದದಲ್ಲಿ ಕಟ್ಟಿಡುತ್ತಿದ್ದರು. ತೋರಿಸಲೆಂದು ತಂದ ಪೊಟ್ಟಣ ಬಿಚ್ಚಿದಾಗ ಒಂದು ಚೂರು ಇನ್ನೊಂದರ ಎರಡರಷ್ಟಿತ್ತು, ಮಡಿಕೆಯಲ್ಲಿ ಬಿಳಿ ಪುಡಿ ಉಳಿದಿತ್ತು. ಅಡಿಕೆಯನ್ನು ಹದವಾಗಿ ಹೋಳು ಮಾಡುವ ಕೈಗೂ ಅಷ್ಟು ಸಣ್ಣ ಮಾತ್ರೆ ಸಮನಾಗಿ ಒಡೆಯುವುದಿಲ್ಲ. ಕೊನೆಗೆ ಜಿಲ್ಲಾ ಕೇಂದ್ರದಿಂದ 2.5ರ ಮಾತ್ರೆ ತರಿಸಿ, ಒಂದು ದಿನ 5, ಮರುದಿನ 2.5 ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಟ್ಟೆವು.

ಈ ಲೆಕ್ಕದ ಮೂರನೇ ವಾರ ಆಕೆ ಬಂದರು. ‘ಮೈಯೆಲ್ಲ ಕಟ್ಟಿಗೆ ಆದ ಹಾಗೆ, ಕಾಯಿಲೆ ವಾಪಸ್ ಬಂತು ಡಾಕ್ಟ್ರೇ.’ ಸ್ಟೀರಾಯ್ಡ್ ಇಳಿಸುವ ಕೆಲಸದ ತಿರುಳು ಈ ಘಳಿಗೆಯಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಎಷ್ಟು ವಾರಕ್ಕೆ ಎಷ್ಟು ಮಿಲಿಗ್ರಾಂ ಎಂಬ ಪಟ್ಟಿಗಳು ಇದಕ್ಕೆ ಹೋಲಿಸಿದರೆ ಗೌಣ. ಏಕೆಂದರೆ ಈ ಹಂತದ ಮೈನೋವಿಗೆ ಮೂರು ಕಾರಣಗಳಿರಬಹುದು, ಮೂರಕ್ಕೂ ಚಿಕಿತ್ಸೆ ಬೇರೆಬೇರೆ. ಮೂಲ ಕಾಯಿಲೆ ಕೆರಳಿದ್ದರೆ ಅದರ ಔಷಧವನ್ನು ಬಲಪಡಿಸಬೇಕು. ಅಡ್ರಿನಲ್ ಕೊರತೆಯಾಗಿದ್ದರೆ ಸಹಜ ಅಗತ್ಯದಷ್ಟು ಸ್ಟೀರಾಯ್ಡ್ ಕೊಟ್ಟು ಗ್ರಂಥಿಗೆ ಕಾಲಾವಕಾಶ ಕೊಡಬೇಕು. ಮೂರನೆಯದು, ಹೆಚ್ಚಿನ ಪ್ರಮಾಣಕ್ಕೆ ಒಗ್ಗಿದ ದೇಹ ಇಳಿಕೆಗೆ ತೋರುವ ಪ್ರತಿರೋಧ: ಕಾರ್ಟಿಸಾಲ್ ಸಾಕಷ್ಟಿದ್ದರೂ ಸುಸ್ತು, ಸ್ನಾಯುನೋವು, ಮನಸ್ಸು ಕುಗ್ಗುವುದು. ಇದಕ್ಕೆ ಇಳಿಕೆಯ ವೇಗ ತಗ್ಗಿಸಿ ಧೈರ್ಯ ಹೇಳುವುದೇ ಚಿಕಿತ್ಸೆ. ರೋಗಿಗೆ ಮೂರೂ ಒಂದೇ ನೋವು. ಪ್ರತಿ ಬಾರಿಯೂ ಅದನ್ನು ಕಾಯಿಲೆಯ ಕೆರಳಿಕೆಯೆಂದೇ ಓದಿ ಸ್ಟೀರಾಯ್ಡ್ ಏರಿಸಿದ್ದರಿಂದಲೇ ಎಷ್ಟೋ ಮಂದಿ ಹತ್ತಾರು ವರ್ಷ ಆ ಮಾತ್ರೆಯಲ್ಲಿ ಉಳಿದುಬಿಡುತ್ತಾರೆ.

ಆದ್ದರಿಂದ ನೋವು ಎಷ್ಟಿದೆ ಎಂದು ಕೇಳುವುದಕ್ಕಿಂತ ಎಲ್ಲಿದೆ ಎಂದು ಕೇಳಬೇಕು. ಆಕೆ ತೋರಿಸಿದ್ದು ತೊಡೆ, ಭುಜ, ಸೊಂಟದ ಮಾಂಸಖಂಡಗಳನ್ನು. ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿದರೆ ಹೊಸ ಊತವಿರಲಿಲ್ಲ. ಬೆಳಗಿನ ಬಿಗಿತ ಕಾಲು ಗಂಟೆಯಲ್ಲಿ ಬಿಡುತ್ತಿತ್ತು. ಸಿಆರ್‌ಪಿ 4. ಇವೆಲ್ಲ ಕಾಯಿಲೆ ಕೆರಳಿಲ್ಲವೆಂದು ಹೇಳುತ್ತಿದ್ದವು. ಇನ್ನೊಂದೆಡೆ, ಹಸಿವಿಲ್ಲ, ಮಧ್ಯಾಹ್ನದ ಹೊತ್ತಿಗೆ ವಾಕರಿಕೆ, ಮಲಗಿದ್ದಾಗ 118 ಇದ್ದ ರಕ್ತದೊತ್ತಡ ಎದ್ದು ನಿಂತಾಗ 94. ಹಿಂದಿನ ದಿನ ಬೆಳಿಗ್ಗೆ ನುಂಗಿದ ಮಾತ್ರೆಯ ನಂತರ 24 ಗಂಟೆ ಬಿಟ್ಟು, ಆ ದಿನದ ಮಾತ್ರೆ ನುಂಗುವ ಮುನ್ನ, ಬೆಳಿಗ್ಗೆ 8ಕ್ಕೆ ರಕ್ತ ತೆಗೆಸಿದೆವು. ಮಾತ್ರೆ ನುಂಗಿ ತೆಗೆಸಿದರೆ ಪ್ರೆಡ್ನಿಸೊಲೋನನ್ನೇ ಕಾರ್ಟಿಸಾಲ್ ಎಂದು ಯಂತ್ರ ಎಣಿಸಬಹುದು. ಕಾರ್ಟಿಸಾಲ್ 3.8 ಮೈಕ್ರೋಗ್ರಾಂ ಬಂತು.

ಯುರೋಪಿನ ಮತ್ತು ಅಮೆರಿಕದ ಅಂತಃಸ್ರಾವ ತಜ್ಞರ ಸಂಘಗಳು 2024ರಲ್ಲಿ ಜಂಟಿಯಾಗಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಬೆಳಗಿನ ಕಾರ್ಟಿಸಾಲ್ ಪ್ರತಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ದಾಟಿದ್ದರೆ ಗ್ರಂಥಿ ಚೇತರಿಸಿದೆ ಎಂದು ತಿಳಿದು ಸ್ಟೀರಾಯ್ಡ್ ನಿಲ್ಲಿಸಬಹುದು. 5ರಿಂದ 10ರ ನಡುವೆ ಇದ್ದರೆ ಸಹಜ ಪ್ರಮಾಣದಲ್ಲೇ ಉಳಿದು ಕೆಲವು ವಾರ ಅಥವಾ ತಿಂಗಳು ಬಿಟ್ಟು ಮತ್ತೆ ನೋಡಬೇಕು. 5ಕ್ಕಿಂತ ಕಡಿಮೆಯಿದ್ದರೆ ತಿಂಗಳುಗಟ್ಟಲೆ ಕಾಯಬೇಕು. ಪಿಟ್ಯುಟರಿ ಕಳಿಸುವ ಆದೇಶವಾದ ಎಸಿಟಿಎಚ್ ಎಂಬ ಹಾರ್ಮೋನನ್ನು ಚುಚ್ಚಿ ಗ್ರಂಥಿಯನ್ನು ಪ್ರಚೋದಿಸಿ ನೋಡುವ ಪರೀಕ್ಷೆಯೂ ಇದೆ, ಆದರೆ ಆ ಚುಚ್ಚುಮದ್ದು ಎಲ್ಲೆಡೆ ಸಿಗುವುದಿಲ್ಲ. ಈ ಪ್ರಕರಣದಲ್ಲಿ ಅದು ಬೇಕೂ ಆಗಲಿಲ್ಲ. ನಿತ್ಯ 5 ಮಿ.ಗ್ರಾಮಿಗೆ ಮರಳಿದೆವು. ಒಂದೇ ವಾರದಲ್ಲಿ ಕಟ್ಟಿಗೆಯಂತಿದ್ದ ಮೈ ಸಡಿಲಾಯಿತು. ಮಗನಿಗೆ ಇದು ಸೋಲಿನಂತೆ ಕಂಡಿತು, ತಿಂಗಳುಗಳ ಶ್ರಮ ವ್ಯರ್ಥವಾಯಿತಲ್ಲ ಎಂದ. ಏರಿಸಿದ್ದು ಕಾಯಿಲೆಗಾಗಿ ಅಲ್ಲ, ದೇಹ ತಾನೇ ಮಾಡಿಕೊಳ್ಳಬೇಕಾದ್ದನ್ನು ಸದ್ಯಕ್ಕೆ ನಾವು ಕೊಡುತ್ತಿದ್ದೇವೆ ಎಂದು ಅವನಿಗೆ ಬಿಡಿಸಿ ಹೇಳಲು ಸಾಕಷ್ಟು ಹೊತ್ತು ಹಿಡಿಯಿತು.

ಈ ಕಾಯುವ ಅವಧಿಗೆಂದೇ ಕನ್ನಡದಲ್ಲಿ ಒಂದು ಕಾರ್ಡು ಬರೆದುಕೊಟ್ಟೆವು. ಮಾತ್ರೆಯ ಹೆಸರು, ಪ್ರಮಾಣ, ತಾನಾಗಿ ನಿಲ್ಲಿಸಬಾರದೆಂಬ ಮಾತು. ಜ್ವರ ಬಂದರೆ ಇಳಿಯುವವರೆಗೆ, ಸಾಮಾನ್ಯವಾಗಿ ಎರಡು ಮೂರು ದಿನ, 5ರ ಬದಲು 10 ಮಿ.ಗ್ರಾಂ, ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ ಈ ಕಾರ್ಡು ತೋರಿಸಬೇಕು, ಅಲ್ಲಿನವರು ಹೈಡ್ರೋಕಾರ್ಟಿಸೋನ್ 100 ಮಿ.ಗ್ರಾಂ ಕೊಡಬೇಕು, ಶಸ್ತ್ರಚಿಕಿತ್ಸೆಗೆ, ಹಲ್ಲು ಕೀಳಿಸುವುದಕ್ಕೆ ಮುನ್ನ ವೈದ್ಯರಿಗೆ ತಿಳಿಸಬೇಕು. ಇವು ಈ ರೋಗಿಗೆ ಬರೆದ ಅಂಕಿಗಳು. ಬೇರೆಯವರ ಅಂಕಿಗಳನ್ನು ಅವರ ವೈದ್ಯರೇ ಬರೆಯಬೇಕು. ಆ ಮಳೆಗಾಲದಲ್ಲಿ ಆಕೆಗೆ ಜೋರು ಜ್ವರ ಬಂತು, ಕಾರ್ಡಿನಲ್ಲಿದ್ದಂತೆ ಮಾಡಿದರು, ಆಸ್ಪತ್ರೆಗೆ ಬರುವ ಪ್ರಮೇಯವೇ ಬರಲಿಲ್ಲ.

ಮೂರು ತಿಂಗಳ ಬಳಿಕ ಮತ್ತೆ ಮಾಡಿಸಿದ ಪರೀಕ್ಷೆಯಲ್ಲಿ ಕಾರ್ಟಿಸಾಲ್ 4.1. ನಿರೀಕ್ಷೆಯಷ್ಟು ಏರಿರಲಿಲ್ಲ. ಏಳು ವರ್ಷ ಮಲಗಿದ್ದ ಗ್ರಂಥಿಗೆ ಇದೂ ಸಹಜವೇ, ಕೆಲವರಲ್ಲಿ ವರ್ಷ ಮೀರಿಯೂ ಹಿಡಿಯುತ್ತದೆ. ಆದರೂ ಹೊರಗಿನಿಂದ ಇನ್ನಾವುದಾದರೂ ಸ್ಟೀರಾಯ್ಡ್ ಸೇರುತ್ತಿದೆಯೇ ಎಂದು ಕೇಳುವುದು ವಾಡಿಕೆ: ಮಂಡಿಗೆ ಚುಚ್ಚಿಸಿಕೊಂಡ ಇಂಜೆಕ್ಷನ್, ದಮ್ಮಿಗೆ ಎಳೆಯುವ ಇನ್ಹೇಲರ್, ತುರಿಕೆಗೂ ಬಿಳುಪಿಗೂ ಹಚ್ಚುವ ಕ್ರೀಮು, ಹೆಸರಿಲ್ಲದ ಪುಡಿ. ಮೊದಲು ಇಲ್ಲವೆಂದರು. ಸೊಸೆ ಪಕ್ಕದಲ್ಲಿದ್ದವಳು, ‘ಅತ್ತೆ, ಆ ಪೊಟ್ಟಣದ ಮಾತ್ರೆ ಹೇಳಿ’ ಎಂದಳು. ಮಂಡಿನೋವಿಗೆಂದು ನೆರೆಯವರು ತರಿಸುತ್ತಿದ್ದ, ಪಟ್ಟಿಯಿಂದ ಬಿಡಿಸಿ ಕಾಗದದಲ್ಲಿ ಕಟ್ಟಿಕೊಡುವ ಮೂರು ಬಣ್ಣದ ಮಾತ್ರೆಗಳನ್ನು ಕೆಲಸ ಹೆಚ್ಚಿದ ದಿನ ಆಕೆಯೂ ನುಂಗುತ್ತಿದ್ದರು. ಅದರಲ್ಲೊಂದು ಡೆಕ್ಸಾಮೆಥಾಸೋನ್ ಎಂದು ಮಗ ಹೋಗಿ ವಿಚಾರಿಸಿದಾಗ ತಿಳಿಯಿತು. ಇದರ 0.75 ಮಿ.ಗ್ರಾಂ 5 ಮಿ.ಗ್ರಾಂ ಪ್ರೆಡ್ನಿಸೊಲೋನಿಗೆ ಸಮ; ಅದರ ಪ್ರಭಾವ ಹೆಚ್ಚು ಹೊತ್ತು ಉಳಿಯುವುದರಿಂದ ಪಿಟ್ಯುಟರಿಯನ್ನು ಅದು ಇನ್ನೂ ಗಟ್ಟಿಯಾಗಿ ಅದುಮುತ್ತದೆ. ಪೊಟ್ಟಣ ನಿಂತಿತು. ಬೈದು ನಿಲ್ಲಿಸಿದ್ದಲ್ಲ: ಹೆಚ್ಚು ಕೆಲಸದ ದಿನ ನೋವಿಗೆ ಪ್ಯಾರಸಿಟಮಾಲ್ ಇಷ್ಟರವರೆಗೆ ನುಂಗಬಹುದು ಎಂಬ ಪರ್ಯಾಯ ಕೊಟ್ಟ ಮೇಲೆ ನಿಂತದ್ದು.

ಅಡಿಕೆ ಸುಲಿಯುವ ಹಂಗಾಮಿನಲ್ಲಿ ಕಾಯಿಲೆ ನಿಜವಾಗಿಯೂ ಕೆರಳಿತು. ಈ ಬಾರಿ ಆಕೆ ತೊಡೆ ಭುಜ ತೋರಿಸಲಿಲ್ಲ. ಬಲ ಮಣಿಕಟ್ಟು ಮತ್ತು ಎರಡು ಗೆಣ್ಣುಗಳು ಊದಿ ಬೆಚ್ಚಗಿದ್ದವು, ಬಿಗಿತ ಗಂಟೆ ದಾಟಿತ್ತು, ಸಿಆರ್‌ಪಿ 24. ‘ಇದು ಬೇರೆ ಥರದ್ದು’ ಎಂದು ಆಕೆಯೇ ಹೇಳಿದರು. ಪ್ರೆಡ್ನಿಸೊಲೋನ್ ಮುಟ್ಟದೆ ಮೆಥೊಟ್ರೆಕ್ಸೇಟನ್ನು 20ಕ್ಕೆ ಏರಿಸಿ ಸಲ್ಫಸಲಜೀನ್ ಎಂಬ ಸಂಧಿವಾತದ ಇನ್ನೊಂದು ಔಷಧ ಸೇರಿಸಿದೆವು, ಮಣಿಕಟ್ಟಿಗೆ ಪಟ್ಟಿ ಕೊಟ್ಟೆವು, ಆ ವರ್ಷ ಸುಲಿಯುವ ಕೆಲಸವನ್ನು ಮನೆಯವರು ಆಳುಗಳಿಗೆ ಒಪ್ಪಿಸಿದರು. ಇಂಥ ರೋಗಿಗಳೆಲ್ಲರೂ ಶೂನ್ಯಕ್ಕೆ ಇಳಿಯಲೇಬೇಕೆಂಬ ಹಟ ನನಗಿಲ್ಲ. 2020ರಲ್ಲಿ ಪ್ರಕಟವಾದ ಸೆಮಿರಾ ಅಧ್ಯಯನದಲ್ಲಿ, ಟೊಸಿಲಿಜುಮಾಬ್ ಎಂಬ ದುಬಾರಿ ಜೈವಿಕ ಔಷಧದಿಂದ ಕಾಯಿಲೆ ಹತೋಟಿಯಲ್ಲಿದ್ದವರಲ್ಲಿ 5 ಮಿ.ಗ್ರಾಂ ಪ್ರೆಡ್ನಿಸೋನನ್ನು ಮುಂದುವರಿಸಿದ ಶೇ 77 ಮಂದಿ ಕೆರಳಿಕೆಯೂ ಅಡ್ರಿನಲ್ ಕೊರತೆಯೂ ಇಲ್ಲದೆ, ಕಾಯಿಲೆ ಹತೋಟಿಯಲ್ಲೇ ಇದ್ದು ಉಳಿದರೆ, ಹಂತಹಂತವಾಗಿ ನಿಲ್ಲಿಸಿದವರಲ್ಲಿ ಶೇ 65 ಮಂದಿ ಉಳಿದರು. ಎಂದರೆ ಬಹುಪಾಲು ಮಂದಿಗೆ ನಿಲ್ಲಿಸುವುದು ಸಾಧ್ಯ, ಎಲ್ಲರಿಗೂ ಅಲ್ಲ. ಈಕೆಯ ಮೂಳೆ, ಸಕ್ಕರೆ, ಕಣ್ಣು ಈಗಾಗಲೇ ಕೊಟ್ಟ ಬೆಲೆ ನೋಡಿದರೆ ಪ್ರಯತ್ನವನ್ನು ಕೈಬಿಡುವಂತಿರಲಿಲ್ಲ.

ಮುಂದಿನ ಪರೀಕ್ಷೆಯಲ್ಲಿ ಕಾರ್ಟಿಸಾಲ್ 7.2, ಅದರ ನಾಲ್ಕು ತಿಂಗಳ ಬಳಿಕ 11.4. ಗ್ರಂಥಿಯ ದೃಷ್ಟಿಯಿಂದ ಅಂದೇ ನಿಲ್ಲಿಸಬಹುದಿತ್ತು. ಕೀಲುಗಳು ಹೇಗೆ ನಡೆದುಕೊಳ್ಳುತ್ತವೆಂದು ನೋಡಲು ನಾಲ್ಕು ವಾರ 2.5 ಮಿ.ಗ್ರಾಂ ಕೊಟ್ಟು ಆಮೇಲೆ ನಿಲ್ಲಿಸಿದೆವು. ಮೊದಲ ಹದಿನೈದು ದಿನ ಸುಸ್ತು, ಮೈಕೈ ನೋವು ಇತ್ತು. ನಿಂತಾಗಿನ ರಕ್ತದೊತ್ತಡ ಇಳಿಯಲಿಲ್ಲ, ಹಸಿವು ಚೆನ್ನಾಗಿತ್ತು, ಗೆಣ್ಣುಗಳು ತಣ್ಣಗಿದ್ದವು. ಮೂರನೆಯ ಕಾರಣವೆಂದು ಹೇಳಿ ಕಾಯಿಸಿದೆವು, ತಾನಾಗಿಯೇ ಹೋಯಿತು. ಈಗ ಎಚ್‌ಬಿಎ1ಸಿ 6.4, ರಕ್ತದೊತ್ತಡಕ್ಕೆ ಒಂದೇ ಮಾತ್ರೆ, ಬೆನ್ನುಮೂಳೆಯ ಸಾಂದ್ರತೆಯನ್ನು ಮತ್ತೆ ಅಳೆಯುವುದು ಬಾಕಿ. ಬೆರಳುಗಳ ವಾಲುವಿಕೆ ಸರಿಹೋಗುವಂಥದ್ದಲ್ಲ.

ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿದೆ. ನೇತ್ರವೈದ್ಯರಿಗೆ ಬರೆದ ಪತ್ರದಲ್ಲಿ ಏಳು ವರ್ಷಗಳ ಸ್ಟೀರಾಯ್ಡ್, ನಿಲ್ಲಿಸಿದ ತಿಂಗಳು, ಕೊನೆಯ ಕಾರ್ಟಿಸಾಲ್ ಅಂಕಿ, ದೊಡ್ಡ ಕಾಯಿಲೆಯೋ ರಕ್ತದೊತ್ತಡದ ಕುಸಿತವೋ ಕಂಡರೆ ಹೈಡ್ರೋಕಾರ್ಟಿಸೋನ್ ಕೊಡಲು ಹಿಂಜರಿಯಬಾರದೆಂಬ ಸೂಚನೆ ಇವೆ. ಶಸ್ತ್ರಚಿಕಿತ್ಸೆಯ ನಂತರ ಹಾಕುವ ಕಣ್ಣಿನ ಹನಿಯಲ್ಲೂ ಸ್ಟೀರಾಯ್ಡ್ ಇರುತ್ತದೆಂದು, ಕೆಲವು ವಾರಗಳ ಮಟ್ಟಿಗೆ ಅದನ್ನು ಹೇಳಿದಷ್ಟು ದಿನ ಹಾಕಿಯೇ ತೀರಬೇಕೆಂದು ಮಗನನ್ನು ಕೂರಿಸಿಕೊಂಡು ಮೊದಲೇ ಹೇಳಿದ್ದೇನೆ. ಇಲ್ಲವಾದರೆ ಬಾಟಲಿಯ ಮೇಲಿನ ಹೆಸರು ಓದಿ ಅದನ್ನೂ ಅವನು ನಿಲ್ಲಿಸಿಯಾನು.